ಒಸಡಿನ ದಪ್ಪವೂ ಅದರ ಪ್ರಮಾಣಗಳೂ

ಪ್ರಮಾಣವೆಂಬ ಶಬ್ದಕ್ಕೆ ಅಳತೆಯೆಂದೂ ಜ್ಞಾನಸಾಧನವೆಂದೂ ಎರಡರ್ಥಗಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಎರಡರ್ಥಗಳು ಒಂದನ್ನೊಂದು ಹೇಗೆ ಆಶ್ರಯಿಸಿವೆಯೆಂಬುದನ್ನು ದಂತವೈದ್ಯದ ಒಂದು ಸಣ್ಣ ಪ್ರಶ್ನೆಯ ಮೂಲಕ, ಎಂದರೆ ಒಸಡಿನ ದಪ್ಪವನ್ನು ಅಳೆಯುವ ಕ್ರಮಗಳ ಮೂಲಕ, ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಹಲ್ಲಿನ ಬುಡವನ್ನು ಸುತ್ತಿಕೊಂಡಿರುವ ಮಾಂಸಕ್ಕೆ ಕನ್ನಡದಲ್ಲಿ ಒಸಡು, ವಸಡು ಎಂಬ ರೂಪಗಳೂ ಸಂಸ್ಕೃತದಲ್ಲಿ ದಂತಮಾಂಸ, ದಂತವೇಷ್ಟ ಎಂಬ ಪದಗಳೂ ಉಂಟು. ಆದರೆ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಎಣಿಸಿರುವ ೧೫ ದಂತಮೂಲಗತ ರೋಗಗಳಲ್ಲಿ ದಂತವೇಷ್ಟವೆಂಬುದೂ ಒಂದಾದುದರಿಂದ, ಅಂಗಕ್ಕೆ ಒಸಡೆಂಬ ಮಾತನ್ನೇ ಇಟ್ಟುಕೊಳ್ಳುವುದು ಯುಕ್ತ.

ಒಸಡು ತೆಳುವಾಗಿದ್ದರೆ ಅದು ಉರಿಯೂತದಿಂದಲೂ ಒರಟಾಗಿ ಹಲ್ಲುಜ್ಜುವುದರಿಂದಲೂ ಬೇಗನೆ ಹಿಂದೆ ಸರಿದು, ಬೇರು ಬಯಲಾಗುವ ಸಂಭವ ಹೆಚ್ಚು. ಹಲ್ಲುಗಳನ್ನು ತಂತಿಯಿಂದ ಸರಿಸುವುದಕ್ಕೂ, ದವಡೆಯಲ್ಲಿ ಕೃತಕ ಬೇರನ್ನು ನೆಡುವುದಕ್ಕೂ ಮೊದಲು ವೈದ್ಯನು ಇದನ್ನು ತಿಳಿಯಬೇಕಾಗುತ್ತದೆ. ೧೯೬೯ರಲ್ಲಿ ಆಕ್ಸೆನ್‌ಬೈನ್ ಮತ್ತು ರಾಸ್ ಎಂಬುವರು ತೆಳು, ದಪ್ಪ ಎಂಬ ವಿಭಾಗವನ್ನು ವಿವರಿಸಿದರು. ಇವು ಸಾಪೇಕ್ಷಶಬ್ದಗಳಾದುದರಿಂದ ಎಲ್ಲೆಯೊಂದು ಬೇಕಾಯಿತು. ೨೦೧೭ರಲ್ಲಿ ಷಿಕಾಗೋ ನಗರದಲ್ಲಿ ಕೂಡಿದ ತಜ್ಞರ ಗೋಷ್ಠಿಯು ೧ ಮಿಲಿಮೀಟರನ್ನು ಎಲ್ಲೆಯಾಗಿ ಅಂಗೀಕರಿಸಿತು.

ಇನ್ನು ಅಳೆಯುವ ಕ್ರಮಗಳು. ಬರಿಗಣ್ಣಿನ ನೋಟವು ಸುಲಭವಾದರೂ ನಂಬತಕ್ಕದ್ದಲ್ಲ. ಅದಕ್ಕಿಂತ ಮೇಲಾದುದು ಏಷಣಿಯ ಪರೀಕ್ಷೆ. ವ್ರಣದ ಗತಿಯನ್ನು ಹುಡುಕುವ ಉಪಕರಣಕ್ಕೆ ಸುಶ್ರುತನಲ್ಲಿರುವ ಈ ಹೆಸರು ಇಂದಿನ ದಂತವೈದ್ಯನ ಗೆರೆಯಿಟ್ಟ ಸಲಾಕೆಗೂ ಒಪ್ಪುತ್ತದೆ. ಹಲ್ಲಿಗೂ ಒಸಡಿಗೂ ನಡುವಣ ಸಂದಿನಲ್ಲಿ ಅದನ್ನು ಮೆಲ್ಲನೆ ಇಳಿಸಿದಾಗ ಅದರ ಛಾಯೆ ಹೊರಗೆ ಕಂಡರೆ ಒಸಡು ತೆಳು, ಕಾಣದಿದ್ದರೆ ದಪ್ಪ. ಇದು ಲಿಂಗದಿಂದ ಮಾಡುವ ಅನುಮಾನ. ಸಂಖ್ಯೆಯನ್ನು ಇದು ಕೊಡಲಾರದು. ಸಂಖ್ಯೆ ಬೇಕಾದಲ್ಲಿ ಜಾಗವನ್ನು ಮರಗಟ್ಟಿಸಿ, ರಬ್ಬರಿನ ಬಿಲ್ಲೆಯನ್ನು ಪೋಣಿಸಿದ ಸಣ್ಣ ಸೂಜಿಯನ್ನು ಗಟ್ಟಿಯಾದ ನೆಲೆ ತಾಗುವವರೆಗೆ ಚುಚ್ಚಿ, ಮೊನೆಯಿಂದ ಬಿಲ್ಲೆಯವರೆಗಿನ ದೂರವನ್ನು ಅಳೆಯುತ್ತಾರೆ. ಇದು ನೇರವಾದುದಾದರೂ ನೋವಿಲ್ಲದುದಲ್ಲ; ಬಿಲ್ಲೆ ಜರುಗಬಹುದು, ಮರಗಟ್ಟಿಸುವ ಮದ್ದಿನಿಂದ ಒಸಡೇ ಉಬ್ಬಬಹುದು.

ಯಂತ್ರಕ್ರಮಗಳಲ್ಲಿ ಶ್ರವಣಾತೀತ ಧ್ವನಿಯದು ಒಂದು. ೧೯೭೧ರಲ್ಲಿಯೇ ಕಿಡ್ ಮೊದಲಾದವರು ಬಾಯಿಯ ಒಳಪೊರೆಯ ದಪ್ಪವನ್ನು ಇದರಿಂದ ಅಳೆದಿದ್ದರು. ಮೃದುಮಾಂಸದಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು ೧೫೪೦ ಮೀಟರೆಂದು ಇಟ್ಟುಕೊಂಡರೆ, ೧ ಮಿಲಿಮೀಟರ್ ದಪ್ಪದ ಒಸಡನ್ನು ಹೊಕ್ಕು ಪ್ರತಿಧ್ವನಿಯಾಗಿ ಮರಳುವುದಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೧.೩ ಭಾಗ ಸಾಕು. ಯಂತ್ರವು ಅರಿಯುವುದು ಕಾಲವನ್ನು. ದೂರವು ಲೆಕ್ಕದಿಂದ ಬಂದದ್ದು. ಎರಡನೆಯದು ಶಂಕ್ವಾಕಾರದ ಕ್ಷಕಿರಣಗಳಿಂದ ತೆಗೆಯುವ ಗಣಕಚಿತ್ರ. ತುಟಿಯು ಒಸಡಿಗೆ ಅಂಟಿಕೊಂಡಿದ್ದರೆ ಚಿತ್ರದಲ್ಲಿ ಎರಡೂ ಒಂದಾಗುವುದರಿಂದ, ತುಟಿಯನ್ನು ದೂರವಿಡುವ ಸಾಧನವನ್ನು ಬಳಸುವ ಕ್ರಮವನ್ನು ೨೦೦೮ರಲ್ಲಿ ಜಾನುವಾರಿಯೋ ಮೊದಲಾದವರು ಪ್ರಕಟಿಸಿದರು. ಮೂರನೆಯದರಲ್ಲಿ ಬಾಯಿಯೊಳಗೆ ಬೆಳಕಿನಿಂದ ಪಡೆದ ಹೊರಮೈಯ ರೂಪವನ್ನು ಆ ಕ್ಷಕಿರಣಚಿತ್ರದ ಮೇಲೆ ಹೊಂದಿಸಿ ಅಂತರವನ್ನು ಅಳೆಯುತ್ತಾರೆ. ಹೊಂದಿಸುವಲ್ಲಿ ತಪ್ಪಿದಷ್ಟೂ ಅಳತೆ ತಪ್ಪುತ್ತದೆ.

ಇಲ್ಲಿ ವಿಚಾರಾರ್ಹವಾದ ಅಂಶವೊಂದಿದೆ. ಯಂತ್ರವು ದಶಾಂಶಗಳೊಡನೆ ಕೊಡುವ ಸಂಖ್ಯೆಯನ್ನು ಪ್ರತ್ಯಕ್ಷವೆಂದೂ ಕೈಯ ಪರೀಕ್ಷೆಯನ್ನು ಊಹೆಯೆಂದೂ ಭಾವಿಸುವವರುಂಟು. ವಾಸ್ತವವಾಗಿ ಕೈಸೂಜಿಯೇ ವಸ್ತುವನ್ನು ಮುಟ್ಟುವಂಥದು. ಯಂತ್ರಗಳೆಲ್ಲವೂ ಅನುಮಾನಪರಂಪರೆಯಿಂದ ನಡೆಯುವಂಥವು. ಕ್ಷಕಿರಣಚಿತ್ರದ ಕಣವೇ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೋ ಅದಕ್ಕಿಂತ ದೊಡ್ಡದೋ ಇರುವಾಗ, ಅದರಿಂದ ಬಂದ ನೂರನೆಯ ಭಾಗದ ಅಂಕಿಗೆ ಬೆಲೆಯೆಷ್ಟು? ಹಾಗೆಂದು ಅನುಮಾನವು ಹೇಯವೂ ಅಲ್ಲ. ಚುಚ್ಚದೆ ಮತ್ತೆ ಮತ್ತೆ ಅಳೆಯುವುದಕ್ಕೆ ಧ್ವನಿಯೇ ಮೇಲು. ತೆಳುವೋ ದಪ್ಪವೋ ಎಂಬಷ್ಟೇ ಪ್ರಶ್ನೆಯಿದ್ದರೆ ಏಷಣಿ ಸಾಕು. ಅದಕ್ಕಾಗಿ ಮಾತ್ರವೇ ರೋಗಿಯನ್ನು ಕ್ಷಕಿರಣಕ್ಕೆ ಒಡ್ಡುವುದು ಸಲ್ಲದು.

ಒಸಡಿನ ದಪ್ಪವು ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ಅಂಚಿನ ಬಳಿ ಒಂದು, ಬೇರಿನ ಕಡೆಗೆ ೨ ಮಿಲಿಮೀಟರ್ ಸರಿದರೆ ಇನ್ನೊಂದು. ಆದಕಾರಣ ಯಾವ ಹಲ್ಲು, ಯಾವ ಬಿಂದು, ಯಾವ ಸಾಧನ ಎಂಬ ಮೂರನ್ನೂ ಹೇಳದೆ ಬರೆದ ಅಂಕಿಯು, ಪಾಠಾಂತರಗಳ ಮೂಲಪ್ರತಿಯನ್ನು ಸೂಚಿಸದೆ ಅಚ್ಚುಹಾಕಿದ ಗ್ರಂಥದಂತೆ, ನೋಡಲು ನಿಶ್ಚಿತವಾಗಿದ್ದರೂ ಪರೀಕ್ಷೆಗೆ ಒದಗುವುದಿಲ್ಲ. ಸಾಧನವನ್ನು ಹೇಳಿದ ಮೇಲೆಯೇ ಅಳತೆಯು ಪ್ರಮಾಣವೆನಿಸಿಕೊಳ್ಳುತ್ತದೆ.