ಮೂಗಿನೊಳಗೆ ಏನಿಡ್ತಾರೆ, ಮೊದಲು ಕೇಳಿ

ಕಡೂರು, ತರೀಕೆರೆ, ಅಜ್ಜಂಪುರದ ಗೆಳೆಯರೇ, ಚಪ್ಪಟೆ ಮೂಗನ್ನು ಎತ್ತರಿಸಿಕೊಳ್ಳೋ ಯೋಚನೆ ಇದೆಯಾ? ಒಳಗೆ ಏನಿಡ್ತೀರಿ ಅಂತ ಡಾಕ್ಟರನ್ನ ಮೊದಲು ಕೇಳಿ.

ಸಿಲಿಕೋನ್ ತುಂಡಾದರೆ ಕೆತ್ತೋದೂ ಸುಲಭ, ಬೇಡವಾದರೆ ತೆಗೆಯೋದೂ ಸುಲಭ. ಆದರೆ ಅದು ಮೈಗೆ ಬೆಸೆಯಲ್ಲ. ಚರ್ಮ ತೆಳುವಾಗಿದ್ದರೆ ಎಷ್ಟೋ ವರ್ಷದ ಮೇಲೂ ಮೂಗಿನ ತುದಿ ಕೆಂಪಗಾಗಿ, ತುಂಡು ಹೊರಗೆ ಇಣುಕಬಹುದು.

ನಿಮ್ಮದೇ ಮೆದು ಮೂಳೆಯಾದರೆ ಸೋಂಕಿನ ಭಯ ಕಡಿಮೆ. ಮೂಗಿನ ನಡುಗೋಡೆಯಿಂದ, ಕಿವಿಯಿಂದ ತೆಗೀತಾರೆ, ಸಾಲದಿದ್ದರೆ ಪಕ್ಕೆಲುಬಿನಿಂದ. ಪಕ್ಕೆಲುಬಿನದು ಮುಂದೆ ಬಾಗಬಹುದು, ಎದೆ ಮೇಲೆ ಗಾಯದ ಗುರುತೂ ಉಳಿಯುತ್ತೆ. ಆದರೂ ನನ್ನ ಒಲವು ಸ್ವಂತ ಮೆದು ಮೂಳೆಗೇ.

ಸ್ವಂತ ಮೈಯಿಂದಲೇ ಮೂಗು ಕಟ್ಟೋದು ಹೊಸದೇನಲ್ಲ. ಟಿಪ್ಪು ಕಾಲದ ಯುದ್ಧದಲ್ಲಿ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕಾವಸ್‌ಜಿ ಅನ್ನೋನಿಗೆ, ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ್ದರು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲೇ ಅದು ಅಚ್ಚಾಯಿತು!

ಬೆಂಗಳೂರಲ್ಲಿ ಮೂಗಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದ ಮೇಲೆ ಊತ, ಕೀವು, ಜ್ವರ ಕಂಡರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.