ರಾಶಿಯ ಸುತ್ತ ಒಂದು ಹಗ್ಗ

ಮೊರದಿಂದ ರಾಗಿಯನ್ನು ನೆಲದ ಮೇಲೆ ಒಂದೇ ಕಡೆ ಸುರಿಯುತ್ತ ಹೋಗಿ. ಮೊದಮೊದಲು ಗುಡ್ಡೆ ಏಳುತ್ತದೆ. ಆಮೇಲೆ ನೆತ್ತಿಗೆ ಬಿದ್ದ ಕಾಳು ಅಲ್ಲಿ ನಿಲ್ಲದೆ ಸರ್ರನೆ ಜಾರಿ ಬುಡ ಸೇರುತ್ತದೆ. ಇನ್ನೆಷ್ಟೇ ಸುರಿದರೂ ರಾಶಿ ದೊಡ್ಡದಾಗುತ್ತದೆಯೇ ಹೊರತು ಅದರ ಇಳಿಜಾರು ಬದಲಾಗುವುದಿಲ್ಲ. ಕಾಳಿಗೂ ಕಾಳಿಗೂ ನಡುವಿನ ತಿಕ್ಕಾಟ ಆ ಓರೆಯನ್ನು ಗೊತ್ತುಮಾಡುತ್ತದೆ. ನುಣುಪು ಕಾಳು ಬೇಗ ಜಾರುವುದರಿಂದ ರಾಶಿ ಹರಡಿಕೊಳ್ಳುತ್ತದೆ. ಸುಂಕಿರುವ ಧಾನ್ಯ ಒಂದಕ್ಕೊಂದು ತೊಡರಿಕೊಂಡು ಎತ್ತರಕ್ಕೆ ನಿಲ್ಲುತ್ತದೆ.

1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಹಿಡಿದದ್ದು ಇದನ್ನೇ. ದಪ್ಪ ಧಾನ್ಯದ ರಾಶಿಯ ಎತ್ತರ ಅದರ ಸುತ್ತಳತೆಯ ಹತ್ತರಲ್ಲೊಂದು ಪಾಲು, ಸಣ್ಣ ಧಾನ್ಯದ್ದು ಹನ್ನೊಂದರಲ್ಲೊಂದು, ಸುಂಕಿನ ಧಾನ್ಯದ್ದು ಒಂಬತ್ತರಲ್ಲೊಂದು. ಇವನ್ನು ಕೋನಕ್ಕೆ ತಿರುಗಿಸಿದರೆ ಸುಮಾರು 32, 30, 35 ಡಿಗ್ರಿ. ಧಾನ್ಯದ ಸೈಲೋ ಕಟ್ಟುವ ಎಂಜಿನಿಯರಿಗೆ ಇವತ್ತಿಗೂ ಬೇಕಾದ ಕೋನ ಇದು.

ನನಗೆ ಬಹಳ ಇಷ್ಟವಾಗುವುದು ಇದರ ಮುಂದಿನ ಹೆಜ್ಜೆ. ರಾಶಿಯ ಎತ್ತರ ಅಳೆಯುವುದು ಸುಲಭವಲ್ಲ, ನೆತ್ತಿಯ ನೇರ ಕೆಳಗಿನ ನೆಲ ಕಾಳಿನಡಿ ಹೂತಿರುತ್ತದೆ. ಸುತ್ತಳತೆಗಾದರೋ ಒಂದು ಹಗ್ಗ ಸಾಕು. ಅದನ್ನು 6ರಿಂದ ಭಾಗಿಸಿ, ವರ್ಗ ಮಾಡಿ, ಎತ್ತರದಿಂದ ಗುಣಿಸಿ. ಆಚಾರ್ಯರದೇ ಲೆಕ್ಕದಲ್ಲಿ ದಪ್ಪ ಧಾನ್ಯದ ರಾಶಿಯ ಸುತ್ತಳತೆ 60 ಮೊಳ. ಎತ್ತರ 6 ಮೊಳ ಎಂದಾಯಿತು. 60ರಲ್ಲಿ ಆರನೇ ಒಂದು ಪಾಲು 10, ಅದರ ವರ್ಗ 100, ಘನಫಲ 600 ಘನಮೊಳ. ಕೊಳಗ ಹಿಡಿದು ‘ಲಾಭ, ಎರಡು, ಮೂರು’ ಎಂದು ಅಳೆಯಲು ಕೂರುವ ಮೊದಲೇ ಕಣದಲ್ಲಿ ಎಷ್ಟಿದೆಯೆಂದು ಹೇಳಿಬಿಡಬಹುದು.

ಆ 6 ಬಂದದ್ದು ಎಲ್ಲಿಂದ? ಶಂಕುವಿನ ಘನಫಲ, ಅಷ್ಟೇ ಬುಡ, ಅಷ್ಟೇ ಎತ್ತರವಿರುವ ಸಿಲಿಂಡರಿನ ಮೂರನೇ ಒಂದು ಪಾಲು. ಪೈ ಬೆಲೆ 3 ಎಂದು ಹಿಡಿದರೆ, ಸುತ್ತಳತೆಯ ವರ್ಗವನ್ನು 36ರಿಂದ ಭಾಗಿಸಿ ಎತ್ತರದಿಂದ ಗುಣಿಸಿದಂತಾಗುತ್ತದೆ. 36 ಎಂದರೆ 6ರ ವರ್ಗ. ಅದೇ ಪುಸ್ತಕದಲ್ಲಿ ಪೈಗೆ 3927/1250, ಅಂದರೆ 3.1416 ಎಂಬ ಬೆಲೆಯೂ ಇದೆ. ಅದನ್ನು ಬಳಸಿದರೆ 600ರ ಬದಲು ಸುಮಾರು 573 ಬರುತ್ತದೆ. ಆದರೆ ರಾಶಿಯೇನು ಕಡೆದಿಟ್ಟ ಶಂಕುವಲ್ಲ. ಕಣದಲ್ಲಿ ನಿಂತು ಬಾಯಲ್ಲೇ ಲೆಕ್ಕ ಹಾಕುವವರಿಗೆ 3 ಸರಿಯಾದ ಆಯ್ಕೆಯೆಂದೇ ನನ್ನ ಅಭಿಪ್ರಾಯ.

ರಾಶಿ ಯಾವಾಗಲೂ ಬಯಲಲ್ಲೇ ಇರುತ್ತದೆಯೇ? ಗೋಡೆಗೆ ಒರಗಿಸಿ ಸುರಿದಾಗ ಸಿಗುವುದು ಅರ್ಧ ಶಂಕು, ಕೋಣೆಯ ಮೂಲೆಯಲ್ಲಿ ಕಾಲು ಭಾಗ, ಮನೆಯ ಹೊರಮೂಲೆಯನ್ನು ಬಳಸಿ ಸುರಿದರೆ ಮುಕ್ಕಾಲು. ಆಚಾರ್ಯರು ಇವಕ್ಕೆ ಕೊಟ್ಟ ಹಗ್ಗದಳತೆ 30, 15, 45 ಮೊಳ. ಕ್ರಮವಾಗಿ 2, 4, 4/3ರಿಂದ ಗುಣಿಸಿದರೆ ಮೂರೂ 60 ಆಗುತ್ತವೆ. ಮತ್ತೆ ಅದೇ 600. ಅದರಲ್ಲಿ ಗೋಡೆಯ ರಾಶಿಗೆ 300, ಒಳಮೂಲೆಯದಕ್ಕೆ 150, ಹೊರಮೂಲೆಯದಕ್ಕೆ 450 ಘನಮೊಳ.