ಗಾಯಗಳ ಲೆಕ್ಕದಿಂದ ಹುಟ್ಟಿದ ಕವಚ

1942. ಇಂಗ್ಲೆಂಡಿನ ನೆಲೆಗಳಿಂದ ಹೊರಟು ಜರ್ಮನರ ಹಿಡಿತದಲ್ಲಿದ್ದ ಯುರೋಪಿನ ಮೇಲೆ ದಾಳಿ ಮಾಡಿ ಮರಳುತ್ತಿದ್ದ ಅಮೆರಿಕದ ಬಿ-17 ಬಾಂಬರ್‌ಗಳ ಮೈತುಂಬ ತೂತುಗಳು, ಒಳಗೆ ಗಾಯಾಳುಗಳು. 8ನೇ ವಾಯುಪಡೆಯ ವೈದ್ಯಾಧಿಕಾರಿ ಮಾಲ್ಕಮ್ ಗ್ರೋ ಆ ಗಾಯಗಳ ಲೆಕ್ಕ ಹಿಡಿದು ಕೂತರು. ಹತ್ತರಲ್ಲಿ ಸುಮಾರು ಏಳು ಗಾಯಗಳು ಕಡಿಮೆ ವೇಗದ ಚೂರುಗಳಿಂದ ಆದವು. ವಿಮಾನ ನಿರೋಧಕ ತೋಪಿನ ಷೆಲ್‌ಗಳು ಬಾನಲ್ಲೇ ಸಿಡಿದು ಎರಚುತ್ತಿದ್ದ ಉಕ್ಕಿನ ತುಣುಕುಗಳವು. ಇವನ್ನು ತಡೆಯಬಹುದು ಎಂದು ಗ್ರೋ ಅವರಿಗೆ ಹೊಳೆಯಿತು.

ಅವರು ಹೋದದ್ದು ಲಂಡನ್ನಿನ ಹಳೆಯ ಕತ್ತಿ ತಯಾರಕರಾದ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಗೆ. ಸುಮಾರು 5 ಸೆಂ.ಮೀ. ಚೌಕದ, 1 ಮಿ.ಮೀ. ದಪ್ಪದ ಮ್ಯಾಂಗನೀಸ್ ಉಕ್ಕಿನ ಬಿಲ್ಲೆಗಳನ್ನು ಮಾಡಿನ ಹಂಚುಗಳ ಹಾಗೆ ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಿ, ಕ್ಯಾನ್ವಾಸಿನೊಳಗೆ ಹೊಲಿದರು. ತೂಕ ಸುಮಾರು 9 ಕಿಲೋ. ಮೊದಲು 12 ವಿಮಾನಗಳ ಸಿಬ್ಬಂದಿಗೆ ಆಗುವಷ್ಟು ಕವಚಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧದ ಹಾರಾಟದಲ್ಲೇ ಅವುಗಳ ಪರೀಕ್ಷೆ ನಡೆಯಿತು.

ಚೂರು ತಡೆದರಷ್ಟೇ ಸಾಲದು. ವಿಮಾನಕ್ಕೆ ಬೆಂಕಿ ಹತ್ತಿದರೆ ಪ್ಯಾರಾಚೂಟ್ ಸಮೇತ ಜಿಗಿಯಬೇಕು. ಅದಕ್ಕೆಂದೇ ಒಂದು ಪಟ್ಟಿ ಎಳೆದರೆ ಸಾಕು, ಇಡೀ ಕವಚ ಕಳಚಿ ಬೀಳುವಂತೆ ಮಾಡಲಾಯಿತು.

ಉಕ್ಕಿನ ಬಿಲ್ಲೆಗಳ ಆ ಕವಚ ಮಾಡಿದ್ದು ಚೂರುಗಳಿಗಾಗಿ. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳಿಗೆ ನೆಲದಿಂದ ರೈಫಲ್ ಗುಂಡುಗಳೇ ಬಂದವು. ಆಗ ಬಂದದ್ದು ಸೆರಾಮಿಕ್ ಫಲಕ. ಗಟ್ಟಿ ಸೆರಾಮಿಕ್ ಗುಂಡಿನ ಮೊನೆ ಮುರಿಯುತ್ತದೆ, ಹಿಂದಿನ ಫೈಬರ್‌ಗ್ಲಾಸ್ ಚೂರುಗಳನ್ನು ಹಿಡಿಯುತ್ತದೆ. ಯೋಧರು ಅದನ್ನು ‘ಚಿಕನ್ ಪ್ಲೇಟ್’ ಎಂದರು. ಪೈಲಟ್‌ನ ಬೆನ್ನಿಗೆ ಆಸನದ ಕವಚವಿದ್ದದ್ದರಿಂದ ಅವನಿಗೆ ಎದೆಯ ಫಲಕ ಸಾಕು. ಓಡಾಡುವ ಗನ್ನರ್‌ಗೆ ಹಿಂದೆ ಮುಂದೆ ಎರಡೂ ಬೇಕಿತ್ತು.

ಕವಚಗಳನ್ನು ಅಳೆಯುವ ಕ್ರಮಗಳೂ ಬೆಳೆದವು. ಹಾರಿಸಿದ ಚೂರುಗಳಲ್ಲಿ ಅರ್ಧದಷ್ಟು ಒಳನುಗ್ಗುವ ವೇಗವನ್ನು ಸೈನ್ಯದ ಪ್ರಯೋಗಾಲಯಗಳು ‘ವಿ-50’ ಎನ್ನುತ್ತವೆ. ಅಮೆರಿಕದ ಪೊಲೀಸ್ ಕವಚಗಳ ಪರೀಕ್ಷೆಯಲ್ಲಿ ಮೈಯ ಜಾಗದಲ್ಲಿ ಜೇಡಿಯಂಥ ಮುದ್ದೆ ಇಡುತ್ತಾರೆ. ಮೊದಲು ಮುದ್ದೆಗೇ ಪರೀಕ್ಷೆ: ಕಿಲೋಗಿಂತ ತುಸು ಹೆಚ್ಚು ತೂಗುವ ಉಕ್ಕಿನ ಗೋಳವನ್ನು 2 ಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು 19 ಮಿ.ಮೀ. ತಗ್ಗು ಬೀಳಬೇಕು. ಆಮೇಲೆ ಕವಚಕ್ಕೆ ಗುಂಡಿನೇಟು. ಗುಂಡು ತೂರದಿದ್ದರೂ ಹಿಂದಿನ ಮುದ್ದೆಯಲ್ಲಿ 44 ಮಿ.ಮೀ.ಗಿಂತ ಆಳದ ಗುಳಿ ಬಿದ್ದರೆ ಕವಚ ನಪಾಸು. ಅಷ್ಟು ಪೆಟ್ಟು ಎದೆಗೂಡಿಗೆ ಅಪಾಯ.

ಗಾಯ ಎಣಿಸುವುದರಿಂದ ಕೆಲಸ ಶುರುಮಾಡಿದ ಗ್ರೋ 1949ರಲ್ಲಿ ಅಮೆರಿಕ ವಾಯುಪಡೆಯ ಮೊದಲ ಸರ್ಜನ್ ಜನರಲ್ ಆದರು. ಮುಂದೆ ಮೇರಿಲ್ಯಾಂಡಿನ ಆ್ಯಂಡ್ರೂಸ್ ವಾಯುನೆಲೆಯ ಆಸ್ಪತ್ರೆಗೆ ಅವರದೇ ಹೆಸರಿಟ್ಟರು.